ನಮ್ಮ ಕಟ್ಟೆಯ ಏರಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ನನಗೆ ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಇಂಜಿನಿಯರ್, ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ನಾಲ್ಕು ಮಾತು ಆಡಿ" ಎಂದರು. ಆಗಲಿ ಎಂದೆ. ಆದರೆ ಬರೆಯಲು ಕುಳಿತಾಗ ಕಂಪ್ಯೂಟರ್ ವಿಷಯ ಬರಲಿಲ್ಲ, ನಮ್ಮ ಹೊಲದ ಕಟ್ಟೆಯ ವಿಷಯ ಬಂತು. ಸಮಿತಿಯವರು ಕ್ಷಮಿಸಬೇಕು. ಈ ದಿನ ನಾನು ಮಾಡಿದ ಸಾಧನೆಯ ಬದಲು ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಅದು ನಿಮ್ಮಲ್ಲಿ ಕೆಲವರ ಹೊಲದಲ್ಲೂ ಇರಬಹುದು.

ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಹಳೆಯ ಎಣ್ಣೆ ಟಿನ್ನಿಗೆ ಮೊಳೆಯಿಂದ ಮೇಲೆ, ನಡುವೆ, ಕೆಳಗೆ ಮೂರು ತೂತು ಹೊಡೆದು ನೀರು ತುಂಬಿಸಿದರು. ಮೇಲಿನ ತೂತಿನಿಂದ ನೀರು ಜಿನುಗಿತು, ಕೆಳಗಿನ ತೂತಿನಿಂದ ಚಿಮ್ಮಿತು. "ನೀರು ಎಷ್ಟು ಅಗಲ ಹರಡಿದೆ ಅನ್ನೋದರಿಂದ ಒತ್ತಡ ಬರಲ್ಲ ಕಣ್ರೋ, ಎಷ್ಟು ಆಳ ನಿಂತಿದೆ ಅನ್ನೋದರಿಂದ ಬರುತ್ತೆ" ಎಂದರು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಂಡೆ. ಆಮೇಲೆ ಬಿ.ಇ. ಕೂಡ ಮುಗಿಸಿದೆ. ಆದರೆ ಆ ಪಾಠ ನನಗೆ ಅರ್ಥವಾಗಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ನಮ್ಮದೇ ಏರಿಯ ಕೆಳಗೆ ನಿಂತಾಗ.

ನಮ್ಮ ಹೊಲದಲ್ಲಿ ಒಂದು ಕಟ್ಟೆ ಇದೆ. ನಮ್ಮ ತಾತ ಕಟ್ಟಿಸಿದ್ದು. ಎರಡು ದಿಣ್ಣೆಗಳ ನಡುವೆ ಹರಿಯುವ ಸಣ್ಣ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ. ಎತ್ತರ ಹದಿನಾಲ್ಕು ಅಡಿ. ತಳದಲ್ಲಿ ಗಟ್ಟಿ ನೆಲ ಸಿಗುವವರೆಗೆ ಅಗೆದು, ಜೇಡಿಮಣ್ಣು ತುಂಬಿ, ನೀರು ಚಿಮುಕಿಸಿ, ಅದರ ಮೇಲೆ ಎತ್ತುಗಳನ್ನು ಓಡಾಡಿಸಿ ತುಳಿಸಿದ್ದರಂತೆ. ಏರಿಯ ಒಂದು ತುದಿಯಲ್ಲಿ ಹತ್ತು ಅಡಿ ಅಗಲದ ಕೋಡಿ. ಕಟ್ಟೆ ತುಂಬಿದರೆ ಹೆಚ್ಚಿನ ನೀರು ಕೋಡಿಯಲ್ಲಿ ಹರಿದು ಮತ್ತೆ ಹಳ್ಳ ಸೇರುತ್ತಿತ್ತು. ಏರಿಯ ಕೆಳಗೆ ನಮ್ಮ ಗದ್ದೆ, ಅದರಾಚೆ ನಾಲ್ಕು ಮನೆ, ಅದರಾಚೆ ಮಕ್ಕಳು ಶಾಲೆಗೆ ಬರುವ ದಾರಿಯ ಮೋರಿ.

ನಮ್ಮ ಕಡೆ ಹೊಗೆಸೊಪ್ಪು, ರಾಗಿ, ಜೋಳದ ಜೊತೆಗೆ ಶುಂಠಿ ಬಂದ ಮೇಲೆ ನೀರಿನ ಆಸೆ ಹೆಚ್ಚಾಯಿತು. ಶುಂಠಿಗೆ ಬೇಸಿಗೆಯಲ್ಲೂ ನೀರು ಬೇಕು. 2021ರಲ್ಲಿ ನಾನು ಬೆಂಗಳೂರಿನಿಂದ ದುಡ್ಡು ಕಳಿಸಿದೆ. ಎರಡು ದಿನ ಜೆಸಿಬಿ ಬಂತು. ಕಟ್ಟೆಯ ಹೂಳನ್ನೇ ಎತ್ತಿ ಏರಿಯ ಮೇಲೆ ಸುರಿದು ಎರಡು ಅಡಿ ಎತ್ತರಿಸಿದೆವು. ಏರಿಯನ್ನು ಸೀಳಿ ನಾಲ್ಕು ಇಂಚಿನ ಪಿವಿಸಿ ಪೈಪು ಹೂತು ಮೇಲೆ ಮಣ್ಣು ಎಳೆದೆವು. ಕೋಡಿಗೆ ಮರಳಿನ ಮೂಟೆ ಅಡ್ಡ ಜೋಡಿಸಿ ಮುಚ್ಚಿದೆವು. ಆ ವರ್ಷ ಕಟ್ಟೆಯಲ್ಲಿ ಎಂದೂ ನಿಲ್ಲದಷ್ಟು ನೀರು ನಿಂತಿತು. ಅದರ ಫೋಟೋವನ್ನು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ನಿಮ್ಮಲ್ಲಿ ಅನೇಕರು ಭೇಷ್ ಎಂದಿರಿ. ನನಗೂ ಹೆಮ್ಮೆಯಾಯಿತು.

ಈಗ ಲೆಕ್ಕ ಹಾಕಿದರೆ ಆ ಮೂರು ಕೆಲಸಗಳಲ್ಲಿ ಒಂದೂ ಸರಿಯಿರಲಿಲ್ಲ. ತುಳಿಯದ ಸಡಿಲ ಮಣ್ಣು ಏರಿಯ ಎತ್ತರವನ್ನು ಹೆಚ್ಚಿಸಿತೇ ಹೊರತು ಬಲವನ್ನಲ್ಲ. ಪೈಪಿನ ಒಳಗೆ ಹರಿಯುವ ನೀರು ನಮಗೆ ಕಾಣುತ್ತದೆ. ಪೈಪಿನ ಹೊರಮೈಗೂ ಮಣ್ಣಿಗೂ ನಡುವಿನ ಸಂದಿಯಲ್ಲಿ ಹರಿಯುವ ನೀರು ಕಾಣುವುದಿಲ್ಲ. ಏರಿಯನ್ನು ಒಳಗಿನಿಂದ ತಿನ್ನುವುದು ಆ ನೀರು. ಇನ್ನು ಕೋಡಿ ಮುಚ್ಚುವುದೆಂದರೆ ಪ್ರೆಷರ್ ಕುಕ್ಕರಿನ ವಿಸಿಲ್ ತೂತಿಗೆ ಹಿಟ್ಟು ಮೆತ್ತಿದ ಹಾಗೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿ ಹೋದದ್ದು ನಿಮಗೆಲ್ಲ ನೆನಪಿರುತ್ತದೆ. ಬೆಳಗಾಗುವುದರೊಳಗೆ ಇಡೀ ರಾಜ್ಯಕ್ಕೆ ಸುದ್ದಿ ತಿಳಿಯಿತು. ಕನ್ನಯ್ಯ ನಾಯ್ಡು ಅವರಂಥ ಅನುಭವಿಗಳು ಬಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ನಾನು ಆ ವಾರವೆಲ್ಲ ಆಫೀಸಿನಲ್ಲಿ ಅದೇ ಸುದ್ದಿ ನೋಡುತ್ತಿದ್ದೆ. ಅದೇ ವಾರ ನಮ್ಮಪ್ಪ ಫೋನ್ ಮಾಡಿ, "ಏರಿ ಕೆಳಗೆ ಪೈಪ್ ಹತ್ರ ಒಂದಿಷ್ಟು ತೇವ ಕಾಣ್ತದೆ" ಎಂದರು. "ಮಣ್ಣಿನ ಏರಿ ಅಂದ ಮೇಲೆ ಸ್ವಲ್ಪ ಬೆವರುತ್ತೆ ಬಿಡಿ, ದೀಪಾವಳಿಗೆ ಬಂದಾಗ ನೋಡೋಣ" ಎಂದೆ. ಮುನ್ನೂರೈವತ್ತು ಕಿಲೋಮೀಟರ್ ದೂರದ ಅಣೆಕಟ್ಟೆಯ ಗೇಟಿನ ನಂಬರ್ ನನಗೆ ಬಾಯಿಪಾಠವಾಗಿತ್ತು. ನಮ್ಮ ಏರಿಯ ತೇವಕ್ಕೆ ಎರಡು ನಿಮಿಷ ಕೊಡಲಿಲ್ಲ.

ಅಕ್ಟೋಬರಿನ ಒಂದು ಸಂಜೆ, ನಮ್ಮ ಕಡೆ ಬರುವ ಹಾಗೆ ಗುಡುಗು ಮಿಂಚಿನ ಮಳೆ ಬಂತು. ಕಟ್ಟೆ ಆಗಲೇ ತುಂಬಿತ್ತು. ರಾತ್ರಿ ಎಂಟರ ಹೊತ್ತಿಗೆ ನೀರು ಏರಿಯ ನೆತ್ತಿಗೆ ಒಂದು ಗೇಣು ಉಳಿದಿತ್ತಂತೆ. ನಮ್ಮಪ್ಪ ಮತ್ತು ಕೆಳಗಿನ ಮನೆಗಳ ಮೂವರು ಗಂಡಸರು ಗುದ್ದಲಿ, ಟಾರ್ಚು ಹಿಡಿದು ಹೋಗಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರಳಿನ ಮೂಟೆ ಕಿತ್ತು ಕೋಡಿ ಬಿಡಿಸಿದರು. ಹೆಂಗಸರು ಮಕ್ಕಳನ್ನೂ ದನಗಳನ್ನೂ ದಿಣ್ಣೆ ಹತ್ತಿಸಿ ಮಳೆಯಲ್ಲೇ ನಿಂತಿದ್ದರು. ಏರಿ ಒಡೆಯಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಪೈಪಿನ ಪಕ್ಕದಲ್ಲಿ ಬರುತ್ತಿದ್ದ ನೀರು ಮಾತ್ರ ಕೆಂಪಗಿತ್ತು.

ಆ ಕೆಂಪು ಬಣ್ಣದ ಅರ್ಥವನ್ನು ನನಗೆ ಹೇಳಿದವರು ನಿವೃತ್ತರಾದ ಒಬ್ಬ ಸಿವಿಲ್ ಇಂಜಿನಿಯರ್. ಏರಿಯಿಂದ ತಿಳಿನೀರು ಜಿನುಗುತ್ತಿದ್ದರೆ ಗಮನವಿಡಬೇಕು, ಕದಡಿದ ನೀರು ಬಂದರೆ ಏರಿಯ ಒಳಗಿನ ಮಣ್ಣೇ ಕರಗಿ ಹೊರಗೆ ಬರುತ್ತಿದೆ ಎಂದು ತಿಳಿಯಬೇಕು. ಹಾಗೆ ಕೊರೆದ ದಾರಿ ದಿನದಿಂದ ದಿನಕ್ಕೆ ಅಗಲವಾಗುತ್ತದೆ, ಕೊನೆಗೆ ಕೆಲವೇ ಗಂಟೆಗಳಲ್ಲಿ ಏರಿ ಕುಸಿಯುತ್ತದೆ. "ಇವತ್ತೇ ಕಟ್ಟೆ ಖಾಲಿ ಮಾಡಿ" ಎಂದರು. ಬಾಡಿಗೆ ಪಂಪ್‌ಸೆಟ್ ಇಟ್ಟು ನೀರು ಹೊರಗೆ ಹಾಕಿದೆವು. ಆ ಬೇಸಿಗೆ ಶುಂಠಿ ಒಣಗಿತು. ಅದು ನಮ್ಮ ನಷ್ಟ, ಅದರ ಬಗ್ಗೆ ದೂರಿಲ್ಲ.

ನಾನು ಊರಿಗೆ ಬಂದಾಗ ಏರಿಯ ಕೆಳಗಿನ ಮೊದಲ ಮನೆಯ ಅಜ್ಜಿಯನ್ನು ಮಾತಾಡಿಸಲು ಹೋದೆ. ಅವರು ನಮ್ಮ ಹೊಲಕ್ಕೆ ಕೂಲಿಗೆ ಬರುವವರು, ನನ್ನನ್ನು ಎತ್ತಿ ಆಡಿಸಿದವರು. ಅವರು ಹಿತ್ತಿಲಿಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು. ಬುಡದಿಂದ ಎರಡು ಅಡಿ ಪಾಚಿ ಹಿಡಿದಿತ್ತು. "ನೀವು ಪೈಪ್ ಹಾಕ್ದಾಗಿನಿಂದ ಶಿವರಾತ್ರಿಲೂ ಇಲ್ಲಿ ಒಣಗಿಲ್ಲ" ಎಂದರು. ಮೂರು ವರ್ಷದಿಂದ ಅವರಿಗೆ ಗೊತ್ತಿತ್ತು. "ಯಾಕಜ್ಜಿ ಹೇಳಲಿಲ್ಲ?" ಎಂದೆ. ಅವರು ನಕ್ಕು, "ಹೇಳೋಕೆ ನಾವ್ಯಾರಪ್ಪ? ಏರಿ ನಿಮ್ದು, ನೀರು ನಿಮ್ದು" ಎಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಏರಿಯ ಮೇಲೆ ನಿಂತವನಿಗೆ ನೀರು ಕಾಣುತ್ತದೆ. ಏರಿಯ ಸ್ಥಿತಿ ಗೊತ್ತಿರುವುದು ಕೆಳಗಿರುವವರಿಗೆ. ಮೇಲಿನವನು ಇಳಿದು ಹೋಗಿ ಕೇಳದಿದ್ದರೆ ಕೆಳಗಿನವರು ಹೇಳುವುದಿಲ್ಲ. ಹೇಳಿದರೆ ನಾಳೆಯ ಕೂಲಿ ತಪ್ಪೀತು, ಮನೆ ಕಟ್ಟಿದ ಜಾಗದ ಮಾತು ಬಂದೀತು ಎಂಬ ಅಂಜಿಕೆ ಇರುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ ಎಂದು ಓದಿ ತಿಳಿದುಕೊಂಡೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಎಂಬ 72 ಅಡಿ ಎತ್ತರದ ಮಣ್ಣಿನ ಅಣೆಕಟ್ಟೆ ಇತ್ತು. ಸರ್ಕಾರ ಕಟ್ಟಿದ್ದು, ಆಮೇಲೆ ಖಾಸಗಿಯವರ ಕೈಗೆ ಬಂತು. ಒಬ್ಬ ಮಾಲೀಕರ ಕಾಲದಲ್ಲಿ ತಳದ ತೂಬಿನ ಕಬ್ಬಿಣದ ಕೊಳವೆಗಳನ್ನು ಕಿತ್ತು ಗುಜರಿಗೆ ಮಾರಲಾಯಿತು. ಆಮೇಲೆ ಕೊಂಡದ್ದು ಶ್ರೀಮಂತರ ಒಂದು ಮೀನುಗಾರಿಕೆ ಕ್ಲಬ್ಬು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕೂಡ ಅದರ ಸದಸ್ಯರು. ಗಾಡಿ ಓಡಾಡಲು ಅಗಲ ಬೇಕೆಂದು ಏರಿಯ ನೆತ್ತಿಯನ್ನು ತಗ್ಗಿಸಿದರು, ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರಂದು ದೊಡ್ಡ ಮಳೆಗೆ ಕಸಕಡ್ಡಿ ಬಂದು ಜಾಲರಿಗೆ ಕಟ್ಟಿಕೊಂಡಿತು, ನೀರು ಏರಿಯ ಮೇಲೆ ಹರಿಯಿತು, ಏರಿ ಒಡೆಯಿತು. ಹದಿನಾಲ್ಕು ಮೈಲಿ ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣದಲ್ಲಿ ಮತ್ತು ದಾರಿಯ ಊರುಗಳಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ನ್ಯಾಯಾಲಯದಲ್ಲಿ ಆ ಕ್ಲಬ್ಬು ಹೊಣೆಯಾಗಲೇ ಇಲ್ಲ. ಮೀನಿನ ಜಾಲರಿಯ ಜಾಗದಲ್ಲಿ ನಮ್ಮ ಮರಳಿನ ಮೂಟೆಗಳನ್ನು ಇಟ್ಟು ನೋಡಿ.

ಅಷ್ಟು ಹಿಂದೆ ಹೋಗುವುದೂ ಬೇಡ. 2018ರ ಮೇ 9ರ ರಾತ್ರಿ ಕೀನ್ಯಾದ ಸೋಲಾಯಿ ಎಂಬಲ್ಲಿ ಖಾಸಗಿ ಜಮೀನಿನ ಮಣ್ಣಿನ ಅಣೆಕಟ್ಟೆಯೊಂದು ಒಡೆದು ಕನಿಷ್ಠ 47 ಜನ ಸತ್ತರು. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟೆ ಒಡೆದು ಸುಮಾರು ಇಪ್ಪತ್ತು ಜನ ಹೋದರು. ಅದು ಸರ್ಕಾರದ್ದು, ಅದೂ ಮಣ್ಣಿನದೇ. ಸೋರುತ್ತಿದೆ ಎಂದು ಕೆಳಗಿನ ಹಳ್ಳಿಯವರು ಮೊದಲೇ ಹೇಳಿದ್ದರು. ಒಡೆದ ಮೇಲೆ ಅಲ್ಲಿನ ಸಚಿವರೊಬ್ಬರು ಏಡಿಗಳಿಂದ ಹೀಗಾಯಿತು ಎಂದಾಗ ದೇಶವೆಲ್ಲ ನಕ್ಕಿತು. ಗದ್ದೆ ಬದುವಿನಲ್ಲಿ ಏಡಿ ಬಿಲ ಕೊರೆಯುವುದನ್ನು ನೋಡಿರುವ ನಾವು ಏಡಿಯ ಮಾತಿಗೆ ನಗಬೇಕಾಗಿಲ್ಲ. ಬಿಲ ಇದ್ದರೆ ಅದನ್ನು ಹುಡುಕಿ ಮುಚ್ಚಬೇಕಾದವರು ಯಾರು, ಸೋರಿಕೆ ಕಂಡವರ ಮಾತನ್ನು ಕೇಳಬೇಕಾದವರು ಯಾರು ಎಂಬುದನ್ನು ಮಾತ್ರ ಕೇಳಬೇಕು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯನ್ನು ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ. 1369ರ ಅದರ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಕೆತ್ತಿದ್ದಾರೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲಿ ಒಂದು. ನಾನು "ಬೆವರುತ್ತೆ ಬಿಡಿ" ಎಂದದ್ದನ್ನು ಅವರು ಆರೂವರೆ ಶತಮಾನದ ಹಿಂದೆ ಕಲ್ಲಿನಲ್ಲಿ ದೋಷ ಎಂದು ಬರೆದಿದ್ದರು. ನಮ್ಮ ಕನ್ನಡ ನಾಡಿನ ಶಾಸನಗಳಲ್ಲೂ ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಎಂದು ಭೂಮಿ ಬಿಟ್ಟದ್ದು ಮತ್ತೆ ಮತ್ತೆ ಬರುತ್ತದೆ. ಊರ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಕೋಡಿ ನೋಡುವುದು, ಏರಿ ಸುತ್ತುವುದು ಅವನ ಕೆಲಸ.

ಸ್ವಂತ ಹೊಲದ ಕಟ್ಟೆಗೆ ನೀರುಗಂಟಿ ಇಲ್ಲ. ಕಾನೂನೂ ಅಷ್ಟು ಕೆಳಕ್ಕೆ ಇಳಿದು ಬರುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಖ್ಯವಾಗಿ 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವು ಉದ್ದ, ನೀರಿನ ಸಂಗ್ರಹ ಮುಂತಾದ ಕೆಲವು ಷರತ್ತುಗಳಲ್ಲಿ ಯಾವುದಾದರೊಂದಕ್ಕೆ ಒಳಪಟ್ಟರೆ ಸೇರುತ್ತವೆ. ನಮ್ಮ ಏರಿ ನಾಲ್ಕೂಕಾಲು ಮೀಟರ್. ನಾನು ಕೆಲಸ ಮಾಡುವ ಕಡೆ ಪ್ರತಿ ಸರ್ವರಿಗೂ ಒಬ್ಬ ಹೊಣೆಗಾರ ಇರುತ್ತಾನೆ. ಅದು ಕೆಟ್ಟರೆ ರಾತ್ರಿ ಎರಡು ಗಂಟೆಗೂ ಅವನ ಫೋನ್ ಬಡಿದುಕೊಳ್ಳುತ್ತದೆ. ಅಲ್ಲಿ ಕೆಟ್ಟರೆ ಯಾರದೋ ಹಣ ಪಾವತಿ ಅರ್ಧ ಗಂಟೆ ತಡವಾಗುತ್ತದೆ, ಅಷ್ಟೇ. ಎಂಬತ್ತು ಲಕ್ಷ ಲೀಟರ್ ನೀರಿಗೆ ನಾನು ಯಾರನ್ನೂ ನೇಮಿಸಿರಲಿಲ್ಲ.

ಎಂಬತ್ತು ಲಕ್ಷ ಎಂದದ್ದು ಉತ್ಪ್ರೇಕ್ಷೆಯಲ್ಲ. ಮಕ್ಕಳೇ, ನೀವೇ ಲೆಕ್ಕ ಮಾಡಿ. ನೀರು ಹರಡುವುದು ಒಂದು ಎಕರೆ, ಅಂದರೆ ಸುಮಾರು 4,000 ಚದರ ಮೀಟರ್. ಸರಾಸರಿ ಆಳ 2 ಮೀಟರ್. ಗುಣಿಸಿದರೆ 8,000 ಘನ ಮೀಟರ್, 80 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ 1,600 ಬೇಕು. ಆ ನೀರೆಲ್ಲ ಅರ್ಧ ಗಂಟೆಯೊಳಗೆ ಒಂದು ಹಳ್ಳದಲ್ಲಿ ಇಳಿದರೆ ನಾಲ್ಕು ಮನೆ ಮತ್ತು ಒಂದು ಮೋರಿಯ ಗತಿ ಏನು?

ಇನ್ನೊಂದು ಲೆಕ್ಕ ಕೋಡಿಯದು. ನಮ್ಮ ಕಟ್ಟೆಗೆ ನೂರು ಎಕರೆಯ ಇಳಿಜಾರಿನ ನೀರು ಬರುತ್ತದೆ. ಒಂದು ಗಂಟೆಯಲ್ಲಿ 5 ಸೆಂಟಿಮೀಟರ್ ಮಳೆ ಬಂದು, ಅರ್ಧ ಇಂಗಿ ಅರ್ಧ ಹರಿದರೂ ಸೆಕೆಂಡಿಗೆ ಸುಮಾರು 2,800 ಲೀಟರ್ ನೀರು ಒಳಗೆ ಬರುತ್ತದೆ. ಹತ್ತು ಅಡಿ ಕೋಡಿಯಲ್ಲಿ ಒಂದು ಅಡಿ ದಪ್ಪ ನೀರು ಹರಿದರೆ ಹೊರಗೆ ಹೋಗುವುದು ಸುಮಾರು 850 ಲೀಟರ್. ಉಳಿದದ್ದು ಕಟ್ಟೆಯಲ್ಲೇ ನಿಂತು, ಮೊದಲ ಹತ್ತು ನಿಮಿಷದಲ್ಲೇ ಮಟ್ಟ ಹೆಚ್ಚುಕಡಿಮೆ ಒಂದು ಅಡಿ ಏರುತ್ತದೆ. ಅಂದರೆ ತಾತನ ಕಾಲದ ಕೋಡಿಯೇ ಸಾಲದು. ನಾವು ಅದನ್ನೂ ಮುಚ್ಚಿದ್ದೆವು.

ಹೋದ ಬೇಸಿಗೆಯಲ್ಲಿ ಏರಿಯನ್ನು ಮತ್ತೆ ಕಟ್ಟಿದೆವು. ಪೈಪು ಹೂತ ಜಾಗವನ್ನು ಗಟ್ಟಿ ನೆಲದವರೆಗೂ ಅಗೆದು, ಜೇಡಿಮಣ್ಣನ್ನು ಅರ್ಧ ಅರ್ಧ ಅಡಿ ಹಾಕಿ, ಪದುಮೆ ಮಾಡಿ, ರೋಲರ್ ಓಡಿಸಿದೆವು. ಕೋಡಿಯನ್ನು ಮೂವತ್ತು ಅಡಿಗೆ ಅಗಲಿಸಿ ಕಲ್ಲು ಹಾಸಿದೆವು. ಏರಿಯ ನೆತ್ತಿ ಈಗ ಕೋಡಿಗಿಂತ ಮೂರು ಅಡಿ ಎತ್ತರದಲ್ಲಿದೆ. ಏರಿಯ ಮೇಲಿದ್ದ ಲಂಟಾನ ಕಡಿದು ಗರಿಕೆ ನೆಟ್ಟೆವು. ಮರವನ್ನು ಬೆಳೆಯಲು ಬಿಡುತ್ತಿಲ್ಲ. ಮರ ಸತ್ತರೆ ಅದರ ಬೇರು ಕೊಳೆತ ಜಾಗ ನೀರಿಗೆ ಕೊಳವೆಯಾಗುತ್ತದೆ. ಇಷ್ಟಕ್ಕೆ ಆದ ಖರ್ಚು ಮೊದಲು ಎತ್ತರಿಸಿದ್ದಕ್ಕೆ ಆದದ್ದರ ನಾಲ್ಕರಷ್ಟು. ನಿಲ್ಲುವ ನೀರು ಮೊದಲಿಗಿಂತ ಕಡಿಮೆ. "ದುಡ್ಡು ಕೊಟ್ಟು ನೀರು ಕಮ್ಮಿ ಮಾಡ್ಕಂಡ ಮೊದಲ್ನೇ ಇಂಜಿನಿಯರು ನೀನೇ" ಎಂದು ನಮ್ಮಪ್ಪ ಈಗಲೂ ನಗುತ್ತಾರೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಗುರುಪುರದ ಸುತ್ತ, ಹುಣಸೂರು, ಕೋಟೆ, ಪಿರಿಯಾಪಟ್ಟಣದ ಕಡೆಗಳಲ್ಲಿ ಹೊಲದೊಳಗೆ ಇಂಥ ಕಟ್ಟೆಗಳು, ಏರಿ ಹಾಕಿದ ಹೊಂಡಗಳು ಬಹಳ ಇವೆ. ಕಟ್ಟೆ ಇರುವವರು ಮಳೆಗಾಲಕ್ಕೆ ಮುಂಚೆ ಒಮ್ಮೆ, ದೊಡ್ಡ ಮಳೆ ಬಂದ ಮರುದಿನ ಒಮ್ಮೆ ಏರಿಯ ಬುಡದಲ್ಲಿ ನಡೆದು ನೋಡಿ. ಕೋಡಿ ತೆರೆದಿದೆಯೇ, ಬುಡದಲ್ಲಿ ಹೊಸದಾಗಿ ತೇವ ಇದೆಯೇ, ಬರುವ ನೀರು ತಿಳಿಯೋ ಕದಡಿದ್ದೋ, ಹೆಗ್ಗಣ ಏಡಿಗಳ ಬಿಲ ಇದೆಯೇ, ನೆತ್ತಿಯ ಮೇಲೆ ಬಿರುಕೋ ತಗ್ಗೋ ಬಿದ್ದಿದೆಯೇ ಎಂಬ ಐದು ಪ್ರಶ್ನೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಕದಡಿದ ನೀರು ಕಂಡರೆ ಬೆಳೆ ನೋಡಬೇಡಿ, ಮೊದಲು ಕೆಳಗಿನವರಿಗೆ ಹೇಳಿ, ಆಮೇಲೆ ನೀರು ಇಳಿಸಿ, ತಿಳಿದವರನ್ನು ಕರೆಸಿ.

ನಮ್ಮ ಮನೆಯಲ್ಲಿ ಆ ನೋಟ್‌ಬುಕ್ ಈಗ ನಮ್ಮಪ್ಪನ ಹತ್ತಿರ ಇಲ್ಲ. ಏರಿ ಕೆಳಗಿನ ಮೊದಲ ಮನೆಯಲ್ಲಿದೆ. ಅಜ್ಜಿಯ ಮೊಮ್ಮಗಳು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಾಳೆ, ವಾರಕ್ಕೊಮ್ಮೆ ಅವಳು ಬರೆಯುತ್ತಾಳೆ. ಕೋಡಿಗೆ ಯಾರಾದರೂ ಮೂಟೆ ಇಟ್ಟರೆ ಕಿತ್ತು ಹಾಕುವ ಹಕ್ಕು ಆ ನಾಲ್ಕು ಮನೆಯವರಿಗೂ ಇದೆ ಎಂದು ನಮ್ಮಪ್ಪನ ಎದುರಿಗೇ ಹೇಳಿದ್ದೇನೆ. ಈಗ ಈ ಸಭೆಯ ಎದುರಿಗೂ ಹೇಳುತ್ತಿದ್ದೇನೆ. ಕಳೆದ ತಿಂಗಳು ಅವಳು ಬರೆದ ಒಂದು ಸಾಲು ಇದು: "ಕೋಡಿ ತೆರೆದಿದೆ. ತೇವ ಇಲ್ಲ. ಬಲಗಡೆ ಒಂದು ಬಿಲ ಇದೆ, ತಾತನಿಗೆ ಹೇಳಿದೆ, ಇನ್ನೂ ಮುಚ್ಚಿಲ್ಲ."

ಆ ಬಿಲ ಮುಚ್ಚಿಯೇ ನಿನ್ನೆ ಸಂಜೆ ಊಟಕ್ಕೆ ಕುಳಿತೆವು.